ಸಂಘ ಬೆಳೆಯಿತು, ನಮ್ಮ ವಿಶ್ವಾಸ ಬೆಳೆಯಿತೇ?

(ಮಾಲೂರು ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ತಪಸ್ಸುಕಾಲದಲ್ಲಿ ನಡೆದ ಒಂದು ದಿನದ ಧ್ಯಾನಕೂಟದಲ್ಲಿ ಸಿಸ್ಟರ್ ಒಬ್ಬರು ನೀಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಲಕ್ಕೂರು, ಮಾಸ್ತಿ, ಟೇಕಲ್ ಕಡೆಯಿಂದ ಬಸ್ಸು ಹಿಡಿದು ಬಂದವರೂ ಇದ್ದೀರಿ. ಮನೆಯಲ್ಲಿ ತೆಲುಗು, ಪೂಜೆಯಲ್ಲಿ ತಮಿಳು, ಸಂಘದಲ್ಲಿ ಕನ್ನಡ ಆಡುವವರೂ ಇದ್ದೀರಿ.

ಇವತ್ತಿನ ಮಾತು ಕ್ರೈಸ್ತ ಜೀವನದ ಬಗ್ಗೆ. ಆದರೆ ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಇಲ್ಲೂ ಕುಳಿತಿದ್ದಾರೆ. ಅವರಿಗೆ ಮೊದಲೇ ಒಂದು ಮಾತು: ಯಾರ ದೇವರನ್ನೂ ಬದಲಾಯಿಸಲು ಈ ಸಭೆ ಕರೆದಿಲ್ಲ. ನಮ್ಮ ಮನೆಯನ್ನು ನಾವು ಗುಡಿಸಿಕೊಳ್ಳಲು ಕುಳಿತಿದ್ದೇವೆ. ನೀವೂ ಕೇಳಿಸಿಕೊಳ್ಳಿ. ನಿಮಗೆ ಹೊಂದುವ ಮಾತು ಇದ್ದರೆ ತೆಗೆದುಕೊಳ್ಳಿ.

ಮಹಿಳಾ ಸಂಘ ಎಂಬುದಕ್ಕೆ ನಮ್ಮ ಕೋಲಾರ ಜಿಲ್ಲೆ ತವರುಮನೆ ಇದ್ದ ಹಾಗೆ. 1980ರ ದಶಕದಲ್ಲೇ ಮೈರಾಡ ಸಂಸ್ಥೆಯವರು ಈ ಜಿಲ್ಲೆಯ ಹಳ್ಳಿಗಳಲ್ಲಿ ಬಡವರ ಚಿಕ್ಕ ಚಿಕ್ಕ ಗುಂಪುಗಳನ್ನು ಕಟ್ಟಿದರು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಇವತ್ತು ಸಂಘ ಇಲ್ಲದ ಹಳ್ಳಿ ಸಿಗುವುದು ಕಷ್ಟ. ಬ್ಯಾಂಕಿನ ಬಾಗಿಲಲ್ಲಿ ನಿಲ್ಲಲು ಹೆದರುತ್ತಿದ್ದವರು ಇವತ್ತು ಮ್ಯಾನೇಜರ ಎದುರು ಕುರ್ಚಿ ಎಳೆದು ಕೂರುತ್ತೇವೆ. ಸಂಘ ಬೆಳೆದಿದೆ, ನಿಜ. ಅದರ ಜೊತೆ ನಮ್ಮ ವಿಶ್ವಾಸ ಬೆಳೆದಿದೆಯೇ? ಇದು ಇವತ್ತಿನ ಪ್ರಶ್ನೆ.

ಹಾಲಿನಿಂದ ಮುದ್ದೆಗೆ

ಅಂಗನವಾಡಿಯಲ್ಲಿ ತಿಂಗಳು ತಿಂಗಳು ಮಗುವಿನ ತೂಕ ನೋಡ್ತಾರೆ. ತೂಕ ಏರದಿದ್ದರೆ ಟೀಚರ್ ಕೂಡಲೇ ತಾಯಿಯನ್ನು ಕರೆಸ್ತಾರೆ. ಮಗು ನಗ್ತಾ ಇದೆ, ಆಡ್ತಾ ಇದೆ ಅಂತ ಸುಮ್ಮನಿರೋದಿಲ್ಲ. ಆರು ತಿಂಗಳವರೆಗೆ ಎದೆಹಾಲು ಸಾಕು. ಆಮೇಲೆ ರಾಗಿ ಸರಿ ತಿನ್ನಿಸಬೇಕು. ಮುಂದೆ ಅನ್ನ, ಮುದ್ದೆ. ಐದು ವರ್ಷದ ಮಗು ಇನ್ನೂ ಹಾಲು ಮಾತ್ರ ಕುಡೀತಿದ್ದರೆ ನಾವು ಗಾಬರಿಯಾಗುತ್ತೇವೆ ಅಲ್ಲವೇ?

ಶ್ರೀಗ್ರಂಥದಲ್ಲೂ ಇದೇ ಗಾಬರಿ ಇದೆ. ಹಿಬ್ರಿಯರಿಗೆ ಬರೆದ ಪತ್ರದ ಐದನೇ ಅಧ್ಯಾಯ ತೆಗೆದು ನೋಡಿ. ಇಷ್ಟು ಹೊತ್ತಿಗೆ ಬೇರೆಯವರಿಗೆ ಕಲಿಸುವ ಮಟ್ಟಕ್ಕೆ ಬರಬೇಕಾಗಿದ್ದವರು ಇನ್ನೂ ಹಾಲು ಕುಡಿಯುವ ಕೂಸುಗಳಾಗಿಯೇ ಉಳಿದಿದ್ದಾರಲ್ಲ ಎಂದು ಬರೆದವರು ನೊಂದುಕೊಳ್ಳುತ್ತಾರೆ. ಎಫೆಸಿಯರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದಲ್ಲೂ ಇದೇ ಮಾತು: ಗಾಳಿ ಬೀಸಿದ ಕಡೆ ತೂಗಾಡುವ ಮಕ್ಕಳ ಹಾಗಿರದೆ ಕ್ರಿಸ್ತರ ಎತ್ತರಕ್ಕೆ ಬೆಳೆಯಬೇಕು ಎಂದು.

ಬೆಳೆಯದ ವಿಶ್ವಾಸವನ್ನು ಗುರುತಿಸುವುದು ಹೇಗೆ? ಆಗಸ್ಟ್ 29ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ ಬಾವುಟ ಏರುತ್ತದೆ. ಸೆಪ್ಟೆಂಬರ್ 8ರ ತನಕ ಜನವೋ ಜನ. ಕಾವಿ ಸೀರೆ ಉಟ್ಟು, ಬರಿಗಾಲಲ್ಲಿ ನಡೆದು ಹೋಗುವ ತಾಯಂದಿರನ್ನು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಅದೇ ದಿನಗಳಲ್ಲಿ ವೇಳಾಂಗಣ್ಣಿಗೆ ಹೋಗುವವರೂ ನಮ್ಮಲ್ಲಿ ಬಹಳ. ಹರಕೆ ತಪ್ಪಲ್ಲ. ಕಷ್ಟದಲ್ಲಿರುವ ಮಗು ಅಮ್ಮನ ಸೆರಗು ಹಿಡಿಯದೆ ಇನ್ಯಾರ ಸೆರಗು ಹಿಡಿಯಬೇಕು? ಆದರೆ ಹರಕೆ ಹೊಸ್ತಿಲು ಮಾತ್ರ. ಕೇಳಿದ್ದು ಸಿಕ್ಕಿದರೆ ದೇವರು ಒಳ್ಳೆಯವನು, ಸಿಗದಿದ್ದರೆ ಮುನಿಸು ಅಂತಾದರೆ ಅದು ವ್ಯಾಪಾರ. ಪೂಜೆಯಲ್ಲಿ ಯಾರು ಮುಂದೆ ಕೂತರು, ಹಬ್ಬದ ತೇರಿಗೆ ಯಾರ ಹೂವು ಹಾಕಿದರು ಅಂತ ಜಗಳವಾದರೆ, ಅದೂ ಇನ್ನೂ ಹಾಲು ಕುಡಿಯುವ ವಯಸ್ಸೇ.

ನಮ್ಮ ಮಾಲೂರಿನ ಹೊಲಗಳನ್ನೇ ನೋಡಿ. ಒಂದು ಕಾಲಕ್ಕೆ ರಾಗಿ, ಹುರುಳಿ ಬೆಳೆಯುತ್ತಿದ್ದ ಜಾಗದಲ್ಲಿ ನೀಲಗಿರಿ ನೆಟ್ಟರು. ಕಷ್ಟವಿಲ್ಲ, ಕಾವಲು ಬೇಡ, ಕೆಲವೇ ವರ್ಷಕ್ಕೆ ಎತ್ತರ. ಆದರೆ ಅದರ ಪಕ್ಕದಲ್ಲಿ ಬೇರೆ ಬೆಳೆ ಏಳಲಿಲ್ಲ. ನೆಲದ ನೀರೂ ಇಳಿಯಿತು ಅಂತ ರೈತರು ಹೇಳುತ್ತಲೇ ಬಂದರು. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಶ್ರೀನಿವಾಸಪುರದ ಮಾವು ಹಾಗಲ್ಲ. ಕಸಿ ಗಿಡವೇ ಆದರೂ ಸರಿಯಾಗಿ ಫಸಲು ಬರಲು ನಾಲ್ಕೈದು ವರ್ಷ ಕಾಯಬೇಕು. ಆಮೇಲೆ ಮೊಮ್ಮಕ್ಕಳ ಕಾಲದವರೆಗೂ ಹಣ್ಣು ಕೊಡುತ್ತದೆ. ಭಕ್ತಿಯಲ್ಲೂ ಈ ಎರಡು ಜಾತಿ ಇದೆ. ಒಂದು ಬೇಗ ಎತ್ತರವಾಗಿ ಕಾಣುವುದು. ಇನ್ನೊಂದು ಅಕ್ಕಪಕ್ಕದವರಿಗೆ ನೆರಳು, ಹಣ್ಣು ಕೊಡುವುದು.

ನೀರು ಬೆರೆಸದ ಹಾಲು

ಪೂರ್ಣ ಹೃದಯದಿಂದ ದೇವರನ್ನು ಪ್ರೀತಿಸಬೇಕು ಅಂತ ಪ್ರಭು ಹೇಳುತ್ತಾರೆ. ಕೆಲವರು ನಮ್ಮನ್ನು ಕೇಳುತ್ತಾರೆ: "ಸಿಸ್ಟರ್, ನಿಮಗೇನು, ಚಾಪೆಲ್ ಇದೆ, ಗಂಟೆ ಹೊಡೆದರೆ ಪ್ರಾರ್ಥನೆ. ನಮಗೆ ಎರಡು ಹಸು, ಮೂರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಪೂರ್ಣ ಹೃದಯ ಎಲ್ಲಿಂದ ತರೋಣ?"

ನ್ಯಾಯವಾದ ಪ್ರಶ್ನೆ. ಉತ್ತರ ಡೈರಿಯಲ್ಲೇ ಇದೆ. ಡೈರಿಯಲ್ಲಿ ಹಾಲು ಹಾಕುವಾಗ ಡಿಗ್ರಿ ನೋಡ್ತಾರೆ. ಹತ್ತು ಲೀಟರ್ ತಂದಿದ್ದೀರಾ, ಎರಡು ಲೀಟರ್ ತಂದಿದ್ದೀರಾ ಅನ್ನೋದು ಬೇರೆ ವಿಷಯ. ನೀರು ಸೇರಿದೆಯೋ ಇಲ್ಲವೋ ಅನ್ನೋದು ಮೊದಲ ವಿಷಯ. ದೇವರ ಮುಂದೆಯೂ ಹಾಗೆ. ಸಂತ ಮಾರ್ಕರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಒಬ್ಬ ಬಡ ವಿಧವೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಚಿಕ್ಕ ನಾಣ್ಯ ಹಾಕುತ್ತಾಳೆ. ಶ್ರೀಮಂತರ ದೊಡ್ಡ ಗಂಟಿಗಿಂತ ಅದೇ ಹೆಚ್ಚು ಎಂದರು ಯೇಸು. ಯಾಕೆಂದರೆ ಅವಳು ಹಿಂದೆ ಏನನ್ನೂ ಉಳಿಸಿಕೊಳ್ಳಲಿಲ್ಲ.

ಪೂರ್ಣ ಹೃದಯ ಅಂದರೆ ಹೆಚ್ಚು ಹೊತ್ತು ಅಲ್ಲ, ಒಂದೇ ಮನಸ್ಸು. ಪೂಜೆಯಲ್ಲಿ ಇರುವವಳೇ ಸಂಘದಲ್ಲೂ ಇರಬೇಕು, ಬಾವಿ ಕಟ್ಟೆಯಲ್ಲೂ ಇರಬೇಕು, ಸೊಸೆಯ ಮುಂದೆಯೂ ಇರಬೇಕು. ಚರ್ಚಿನಲ್ಲಿ ಒಬ್ಬಳು, ಹೊರಗೆ ಇನ್ನೊಬ್ಬಳು ಆದರೆ ಹಾಲಿಗೆ ನೀರು ಸೇರಿತು ಅಂತ ಅರ್ಥ.

ನಮ್ಮ ಪಂಚಸೂತ್ರ

ಸಂಘದ ಪಂಚಸೂತ್ರ ನಿಮಗೆಲ್ಲ ಬಾಯಿಪಾಠ. ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ನಿಯಮಿತ ಮರುಪಾವತಿ, ನಿಯಮಿತ ಪುಸ್ತಕ ನಿರ್ವಹಣೆ. ಬ್ಯಾಂಕಿನವರು ಗ್ರೇಡಿಂಗ್ ಮಾಡುವಾಗ ಇದನ್ನೇ ನೋಡ್ತಾರೆ. ವಿಶ್ವಾಸ ಬೆಳೆಯುವುದಕ್ಕೂ ಇದೇ ಐದು ಸಾಕು.

1. ಸಭೆ ಅಂದರೆ ಪ್ರಾರ್ಥನೆ. ವಾರದ ಸಭೆಗೆ ಮನಸ್ಸಿದ್ದರೂ ಹೋಗ್ತೀವಿ, ಇಲ್ಲದಿದ್ದರೂ ಹೋಗ್ತೀವಿ. ಪ್ರಾರ್ಥನೆಯೂ ಹಾಗೇ ಆಗಬೇಕು. "ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸೋದಿಲ್ಲ ಸಿಸ್ಟರ್, ಬಿಟ್ಟುಬಿಟ್ಟೆ" ಅಂತ ಹಲವರು ಹೇಳುತ್ತಾರೆ. ಕೊಲ್ಕತ್ತದ ಮದರ್ ತೆರೇಸಾ ಅವರಿಗೂ ಏನೂ ಅನ್ನಿಸದ ಕಾಲ ಇತ್ತು. 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಇದು ಲೋಕಕ್ಕೆ ತಿಳಿಯಿತು. ದೇವರು ಹತ್ತಿರ ಇದ್ದಾರೆ ಎಂಬ ಭಾವನೆಯೇ ಇಲ್ಲದೆ ಅವರು ಬಹಳ ವರ್ಷ ಬದುಕಿದರು. ಆದರೂ ಬೆಳಗಿನ ಪ್ರಾರ್ಥನೆ ಬಿಡಲಿಲ್ಲ, ಬೀದಿಯಲ್ಲಿ ಬಿದ್ದವರನ್ನು ಎತ್ತುವುದನ್ನೂ ಬಿಡಲಿಲ್ಲ. 2016ರಲ್ಲಿ ಪವಿತ್ರ ಸಭೆ ಅವರನ್ನು ಸಂತರೆಂದು ಘೋಷಿಸಿತು. ಭಾವನೆ ಬರುತ್ತದೆ, ಹೋಗುತ್ತದೆ. ಹತ್ತು ನಿಮಿಷವಾದರೂ ಸರಿ, ದಿನಾ ಕೂರಬೇಕು.

2. ಉಳಿತಾಯ ಅಂದರೆ ಚಿಕ್ಕ ಚಿಕ್ಕ ತ್ಯಾಗ. ನಾವು ವಾರಕ್ಕೆ ಹತ್ತು ರೂಪಾಯಿಯಿಂದ ಶುರು ಮಾಡಿದವರು. ಹತ್ತು ರೂಪಾಯಿಯಲ್ಲಿ ಏನಾಗುತ್ತೆ ಅಂತ ಗಂಡಸರು ನಕ್ಕರು. ಕಿರಿಯ ತೆರೇಸಾ ಎಂದು ನಾವು ಕರೆಯುವ ಫ್ರಾನ್ಸ್ ದೇಶದ ಸಂತರು 15 ವರ್ಷಕ್ಕೆ ಕಾನ್ವೆಂಟು ಸೇರಿ, 1897ರಲ್ಲಿ 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಮಠದ ಗೋಡೆ ದಾಟಿ ದೊಡ್ಡ ಕೆಲಸ ಏನೂ ಮಾಡಲಿಲ್ಲ. ತಮಗೆ ಸ್ವಲ್ಪವೂ ಸೇರದ ಒಬ್ಬ ಸಿಸ್ಟರನ್ನು ಕಂಡಾಗಲೆಲ್ಲ ನಗುಮುಖದಿಂದ ಮಾತಾಡಿಸಿದರು. ಎಷ್ಟರಮಟ್ಟಿಗೆ ಅಂದರೆ, ತಾನೆಂದರೆ ತೆರೇಸಾಗೆ ಬಹಳ ಇಷ್ಟ ಎಂದೇ ಆ ಸಿಸ್ಟರ್ ತಿಳಿದಿದ್ದರು. ಅಂಥ ಹತ್ತು ರೂಪಾಯಿಗಳನ್ನು ಕೂಡಿಟ್ಟ ಅವರನ್ನು 1997ರಲ್ಲಿ ಪವಿತ್ರ ಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಓರಗಿತ್ತಿಗೆ ಒಂದು ಚುಚ್ಚು ಮಾತು ಆಡುವುದನ್ನು ನುಂಗಿಕೊಂಡರೆ ಅದು ಆ ದಿನದ ಉಳಿತಾಯ.

3. ಆಂತರಿಕ ಸಾಲ ಅಂದರೆ ನಮ್ಮಲ್ಲಿರುವುದು ಸುತ್ತುತ್ತಿರಬೇಕು. ಪೆಟ್ಟಿಗೆಯಲ್ಲಿ ದುಡ್ಡು ಕೊಳೆತರೆ ಸಂಘ ಸತ್ತ ಹಾಗೆ. ದೇವರು ಕೊಟ್ಟ ಸಮಾಧಾನವೂ ಹಾಗೆಯೇ. ಓದು ಬರುವವಳು ಓದು ಬಾರದವಳ ಪಾಸ್‌ಬುಕ್ ನೋಡಿಕೊಡಬೇಕು. ಗಂಡನನ್ನು ಕಳೆದುಕೊಂಡು ಬದುಕು ಕಟ್ಟಿಕೊಂಡವಳು, ನಿನ್ನೆ ವಿಧವೆಯಾದವಳ ಪಕ್ಕ ಹೋಗಿ ಕೂರಬೇಕು.

4. ಮರುಪಾವತಿ ಅಂದರೆ ಋಣ ತೀರಿಸುವುದು, ಕ್ಷಮೆ ಕೇಳುವುದು, ಕ್ಷಮೆ ಕೊಡುವುದು. ಜಕ್ಕಾಯನ ಮನೆಗೆ ಯೇಸು ಊಟಕ್ಕೆ ಬಂದ ದಿನ ಅವನು ಭಜನೆ ಮಾಡುತ್ತಾ ಕೂರಲಿಲ್ಲ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ಸು ಕೊಡುತ್ತೇನೆ ಎಂದ. ಪಾಪನಿವೇದನೆ ಮಾಡಿ ಬಂದ ಮೇಲೂ ಪಕ್ಕದ ಮನೆಯವರ ಬದು ಒತ್ತಿಕೊಂಡೇ ಇದ್ದರೆ ಕಂತು ಬಾಕಿ ಅಂತಲೇ ಅರ್ಥ.

5. ಪುಸ್ತಕ ಅಂದರೆ ಆತ್ಮಶೋಧನೆ. 16ನೇ ಶತಮಾನದ ಸಂತ ಲೊಯೋಲದ ಇಗ್ನಾಸಿಯವರು ಇದಕ್ಕೆ ಬಹಳ ಮಹತ್ವ ಕೊಟ್ಟರು. ರಾತ್ರಿ ಮಲಗುವ ಮೊದಲು ಇವತ್ತಿನ ಲೆಕ್ಕ: ಏನು ಬಂತು, ಅದಕ್ಕೆ ಕೃತಜ್ಞತೆ. ಎಲ್ಲಿ ಸೋರಿತು, ಅದಕ್ಕೆ ಕ್ಷಮೆ. ನಾಳೆಗೆ ಏನು ಬೇಕು, ಅದಕ್ಕೆ ಬೇಡಿಕೆ. ಐದು ನಿಮಿಷದ ಕೆಲಸ. ಪುಸ್ತಕ ಬರೆಯದ ಸಂಘ ಎಷ್ಟು ದಿನ ಉಳಿಯುತ್ತದೆ ಅಂತ ನಿಮಗೇ ಗೊತ್ತು.

ಈಗ ಕಷ್ಟದ ಮಾತು

ಹೆಸರು ಬೇಡ, ಊರು ಬೇಡ. ನಮ್ಮ ಕಡೆಯದೇ ಒಂದು ಸಂಘ. ಅದರ ಒಬ್ಬ ಸದಸ್ಯೆಯ ಗಂಡನಿಗೆ ಇಟ್ಟಿಗೆ ಫ್ಯಾಕ್ಟರಿಯಲ್ಲಿ ಸೊಂಟಕ್ಕೆ ಪೆಟ್ಟು ಬಿತ್ತು. ಆಸ್ಪತ್ರೆ ಖರ್ಚಿಗೆ ಆಕೆ ಎರಡು ಕಡೆ ಫೈನಾನ್ಸಿನಲ್ಲಿ ಸಾಲ ಎತ್ತಿದಳು. ಅದರ ವಾರದ ಕಂತು ಕಟ್ಟುವುದರಲ್ಲಿ ಸಂಘದ ಕಂತು ನಾಲ್ಕು ತಿಂಗಳು ನಿಂತಿತು. ಒಂದು ಸಂಜೆ ಸದಸ್ಯೆಯರು ಅವಳ ಮನೆ ಮುಂದೆ ಹೋಗಿ ಕುಳಿತರು. ಬೀದಿಯವರೆಲ್ಲ ನೋಡುವಾಗ, ಬೆಳೆದ ಮಗಳ ಎದುರಿಗೇ, ಬಾಯಿಗೆ ಬಂದ ಹಾಗೆ ಬೈದರು. ಆವತ್ತಿನಿಂದ ಆಕೆ ಸಂಘಕ್ಕೂ ಬರುತ್ತಿಲ್ಲ, ಪೂಜೆಗೂ ಬರುತ್ತಿಲ್ಲ. ಬೈದವರು ಭಾನುವಾರ ಎಂದಿನಂತೆ ಹಾಡು ಹೇಳಿದರು, ಪರಮಪ್ರಸಾದ ಸ್ವೀಕರಿಸಿದರು.

ಬೈದವರು ಕೆಟ್ಟವರಲ್ಲ. ಅವರ ಹೆದರಿಕೆಯೂ ಸುಳ್ಳಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಭಾರ ಬೀಳುತ್ತದೆ. ಸಂಘದ ಹೆಸರು ಕೆಟ್ಟರೆ ಬ್ಯಾಂಕಿನಲ್ಲಿ ಮುಂದಿನ ಸಾಲ ಕಷ್ಟ. ಆ ಸಾಲವನ್ನೇ ನಂಬಿ ಒಬ್ಬರು ಮಗಳನ್ನು ನರ್ಸಿಂಗ್ ಸೇರಿಸಿದ್ದಾರೆ. ಹಾಗಾದರೆ ಏನು ಮಾಡಬೇಕಿತ್ತು?

ಸಂತ ಮತ್ತಾಯರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸು ಸಾಲದ ಕಥೆಯನ್ನೇ ಹೇಳುತ್ತಾರೆ. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲೆಂತು ಕೊಡಬೇಕಿತ್ತು. ಒಂದು ತಲೆಂತು ಅಂದರೆ ಸುಮಾರು ಆರು ಸಾವಿರ ದಿನದ ಕೂಲಿ. ಲೆಕ್ಕ ಹಾಕಿ: ಒಟ್ಟು ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ರಾಜ ಅಷ್ಟನ್ನೂ ಮನ್ನಾ ಮಾಡಿದ. ಹೊರಗೆ ಬಂದ ಆ ಸೇವಕ, ತನಗೆ ನೂರು ದಿನದ ಕೂಲಿ ಬಾಕಿ ಇದ್ದವನ ಕುತ್ತಿಗೆ ಹಿಡಿದ.

ನೂರು ದಿನದ ಕೂಲಿ ಚಿಕ್ಕದಲ್ಲ, ಅಕ್ಕಂದಿರೇ. ಅದು ಏನೂ ಅಲ್ಲ ಅಂತ ಯೇಸು ಹೇಳುವುದಿಲ್ಲ. ಸಂಘದ ದುಡ್ಡನ್ನು ಬಿಟ್ಟುಬಿಡಿ ಅಂತ ನಾವೂ ಹೇಳುವುದಿಲ್ಲ. ಅದು ಹದಿನೈದು ಮನೆಯ ಬೆವರು. ಅವರು ಹೇಳುವುದು ಇಷ್ಟು: ಬಾಕಿ ಕೇಳು, ಆದರೆ ಕುತ್ತಿಗೆಗೆ ಕೈ ಹಾಕಬೇಡ. ಮಗುವಿನ ವಿಶ್ವಾಸ ಎರಡೇ ದಾರಿ ಕಾಣುತ್ತದೆ: ಬೈಯುವುದು, ಇಲ್ಲವೇ ಬಿಟ್ಟುಬಿಡುವುದು. ಬೆಳೆದ ವಿಶ್ವಾಸ ಮೂರನೆಯ ದಾರಿ ಹುಡುಕುತ್ತದೆ. ಸಭೆ ಕರೆದು ಕಂತನ್ನು ಚಿಕ್ಕದು ಮಾಡಿ ಅವಧಿ ಹೆಚ್ಚಿಸಬಹುದು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬಹುದು. ಫೈನಾನ್ಸಿನವರು ಮನೆಗೆ ಬಂದು ಹಿಂಸೆ ಕೊಟ್ಟರೆ ಅವಳ ಜೊತೆ ಇಬ್ಬರು ಪೊಲೀಸ್ ಠಾಣೆಗೆ ಹೋಗಬಹುದು. ಇಂಥ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನೇ ಬಂದಿದೆ. ಹೊರಗಿನವರಿಗೆ ಕಾನೂನು ಬೇಡ ಎಂದ ಕೆಲಸವನ್ನು ಅಕ್ಕತಂಗಿಯರು ಅನ್ನಿಸಿಕೊಂಡ ನಾವೇ ಮಾಡಬಹುದೇ?

ಕಾಣಿಕೆ ಕೊಡಲು ಪೀಠದ ಹತ್ತಿರ ಬಂದಾಗ ಸಹೋದರನಿಗೆ ನಮ್ಮ ಮೇಲೆ ಮನಸ್ತಾಪ ಇರುವುದು ನೆನಪಾದರೆ, ಕಾಣಿಕೆ ಅಲ್ಲೇ ಇಟ್ಟು ಮೊದಲು ಹೋಗಿ ರಾಜಿಯಾಗಿ ಬಾ ಎಂದರು ಪ್ರಭು. ಇದಕ್ಕಿಂತ ಸ್ಪಷ್ಟ ಮಾತು ಬೇಕೇ?

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇವೆ. ಕ್ಷಮೆ ಅಂದರೆ ಏಟು ತಿನ್ನುತ್ತಾ ಸುಮ್ಮನಿರುವುದು ಅಲ್ಲ. ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸುವುದೇ ಶಿಲುಬೆ ಹೊರುವುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯೇಸು ಶಿಲುಬೆ ಹೊತ್ತದ್ದು ನಮ್ಮನ್ನು ಎತ್ತಲು, ನಮ್ಮನ್ನು ಹೊಡೆಸಲು ಅಲ್ಲ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ ಕಾಯ್ದೆ 2005ರಿಂದ ಇದೆ. 181 ನಂಬರಿಗೆ ಫೋನ್ ಮಾಡಬಹುದು, ಸಂಘಕ್ಕೆ ಹೇಳಬಹುದು, ನಮ್ಮ ಹತ್ತಿರ ಬರಬಹುದು. ಸಹಾಯ ಕೇಳುವುದೂ ಬೆಳೆದವರ ಲಕ್ಷಣ.

ನಮ್ಮಂತೆ ಸಂಘ ಕಟ್ಟಿದ ಒಬ್ಬ ಸಿಸ್ಟರ್

ಪೂಜ್ಯ ರಾಣಿ ಮರಿಯ ಅವರ ಬಗ್ಗೆ ನಿಮಗೆ ಗೊತ್ತಿರಬೇಕು. ಕೇರಳದ ಪುಲ್ಲುವಳಿ ಎಂಬ ಊರಿನಲ್ಲಿ 1954ರಲ್ಲಿ ಹುಟ್ಟಿದರು. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಸಿಸ್ಟರ್ ಆಗಿ ಉತ್ತರ ಭಾರತಕ್ಕೆ ಹೋದರು. 1992ರಿಂದ ಮಧ್ಯಪ್ರದೇಶದ ಉದಯನಗರದಲ್ಲಿದ್ದರು. ಅಲ್ಲಿನ ಬಡ ಆದಿವಾಸಿ ರೈತರು ಲೇವಾದೇವಿಗಾರರ ಬಡ್ಡಿಯಲ್ಲಿ ಸಿಕ್ಕಿದ್ದರು. ಅವರನ್ನು ಗುಂಪು ಮಾಡಿ, ಉಳಿತಾಯ ಕಲಿಸಿ, ಬ್ಯಾಂಕಿನ ಸಾಲ ಹೇಗೆ ಪಡೆಯುವುದು ಅಂತ ತೋರಿಸಿದರು. ನಾವು ಇಲ್ಲಿ ಮಾಡುವ ಕೆಲಸವೇ. ಬಡ್ಡಿ ವ್ಯಾಪಾರ ಮಾಡುವವರಿಗೆ ಅದು ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು ಅವರು ಪ್ರಯಾಣ ಮಾಡುತ್ತಿದ್ದ ಬಸ್ಸಿನಲ್ಲೇ ಒಬ್ಬ ಅವರನ್ನು ಇರಿದು ಕೊಂದ. ಆಗ ಅವರಿಗೆ 41 ವರ್ಷ.

ಅವರ ತಂಗಿ ಸೆಲ್ಮಿ ಪೌಲ್ ಕೂಡ ಅದೇ ಸಭೆಯ ಸಿಸ್ಟರ್. 2002ರಲ್ಲಿ ರಕ್ಷಾಬಂಧನದ ದಿನ ಅವರು ಜೈಲಿಗೆ ಹೋಗಿ, ಅಕ್ಕನನ್ನು ಕೊಂದವನ ಕೈಗೆ ರಾಖಿ ಕಟ್ಟಿದರು. ಮುಂದೆ ತಾಯಿಯೂ ಅವನನ್ನು ಕಂಡು ಕ್ಷಮಿಸಿದರು. 2006ರಲ್ಲಿ ಅವನ ಬಿಡುಗಡೆಯಾಯಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರನ್ನು ಪೂಜ್ಯರೆಂದು ಘೋಷಿಸಿದರು.

ಗಮನಿಸಿ, 1995ರಿಂದ 2002. ರಾಖಿ ಕಟ್ಟುವ ಹೊತ್ತಿಗೆ ಏಳು ವರ್ಷ ಕಳೆದಿತ್ತು. ಕ್ಷಮೆಯೂ ಮಾವಿನ ಗಿಡದ ಹಾಗೆ, ಕಾಲ ತೆಗೆದುಕೊಳ್ಳುತ್ತದೆ. ಇವತ್ತೇ ಆಗಲಿಲ್ಲ ಅಂತ ನಿರಾಶರಾಗಬೇಡಿ. ಆದರೆ ಗಿಡ ನೆಡುವುದನ್ನು ಇವತ್ತೇ ನೆಡಬೇಕು.

ಈ ವಾರ ಏನು ಮಾಡೋಣ?

ನಾವು ಹೇಳಿದ ಆ ಸಂಘದ ಸಹೋದರಿ ಇನ್ನೂ ಸಭೆಗೆ ಬಂದಿಲ್ಲ. ಅಂಥವರು ಬೇರೆ ಸಂಘಗಳಲ್ಲೂ ಇದ್ದಾರೆ. ನಿಮ್ಮ ನಿಮ್ಮ ಸಂಘದಲ್ಲಿ ಬರುವುದನ್ನು ನಿಲ್ಲಿಸಿದವರು ಯಾರು ಎಂದು ಹಾಜರಿ ಪುಸ್ತಕ ತೆಗೆದು ನೋಡಿ. ಪಾಸ್ಕ ಹಬ್ಬದೊಳಗೆ ಇಬ್ಬರು ಅವರ ಮನೆಗೆ ಹೋಗಿ ಬನ್ನಿ. ಮೊದಲ ದಿನ ಕಂತಿನ ಮಾತು ಎತ್ತಬೇಡಿ. ಕಾಫಿ ಕೊಟ್ಟರೆ ಕುಡಿದು ಬನ್ನಿ. ಲೆಕ್ಕದ ಮಾತು ಎರಡನೇ ಸಲ ಹೋದಾಗ ಆಗಲಿ, ಅವಳನ್ನೂ ಕೂರಿಸಿಕೊಂಡು ಆಗಲಿ.

ಸಂಘದಲ್ಲಿ ಮಾತಾಡಿಕೊಳ್ಳಲು ಮೂರು ಪ್ರಶ್ನೆ:

1. ಐದು ವರ್ಷದ ಹಿಂದೆ ನಮಗೆ ಕೋಪ ಬರಿಸುತ್ತಿದ್ದ ಯಾವ ಮಾತು ಇವತ್ತು ಕೋಪ ಬರಿಸುವುದಿಲ್ಲ?

2. ನಮ್ಮ ಭಕ್ತಿಗೆ ಎಲ್ಲಿ ನೀರು ಸೇರುತ್ತಿದೆ?

3. ಕಂತು ಕಟ್ಟಲಾಗದವರ ವಿಷಯದಲ್ಲಿ ನಮ್ಮ ಸಂಘ ಯಾವ ನಿಯಮ ಬರೆದುಕೊಂಡಿದೆ? ಬರೆದಿಲ್ಲದಿದ್ದರೆ ಯಾವಾಗ ಬರೆಯೋಣ?

ಈಗ ಒಂದು ನಿಮಿಷ ಮೌನವಾಗಿ ಪ್ರಾರ್ಥಿಸೋಣ. ಪ್ರಭುವೇ, ನಮ್ಮ ಕೈ ದುಡಿದು ಗಟ್ಟಿಯಾಗಿದೆ, ಮನಸ್ಸು ಮಾತ್ರ ಗಟ್ಟಿಯಾಗದಿರಲಿ. ಕೇಳುವುದನ್ನು ಕಲಿತ ನಮಗೆ ಕೊಡುವುದನ್ನೂ ಕಲಿಸಿ. ನಮ್ಮಿಂದ ದೂರವಾದವರ ಬಾಗಿಲಿಗೆ ನಮ್ಮನ್ನು ನೀವೇ ಕರೆದುಕೊಂಡು ಹೋಗಿ. ಆಮೆನ್.

ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಆಶೀರ್ವದಿಸಲಿ.